ಗೆಜ್ಜೆ ಹೂವಿನ ಸೊಪ್ಪು

ಆ ಮನೆಯ ಹಿತ್ತಿಲಿಗೆ ಬಿಸಿಲು ಅವಸರದ ನೆಂಟರ ಹಾಗೆ ಬರುತ್ತಿತ್ತು, ಬಂದರೂ ಕೂರುತ್ತಿರಲಿಲ್ಲ. ಒಂದು ಕಡೆ ಪಕ್ಕದ ಗೋದಾಮಿನ ಎತ್ತರದ ಗೋಡೆ, ಇನ್ನೊಂದು ಕಡೆ ಮುದಿ ಮರವೊಂದರ ಕೊಡೆ. ಬೇರೆಯವರಾಗಿದ್ದರೆ ಅಲ್ಲಿ ಮುರಿದ ಕುರ್ಚಿ, ಖಾಲಿ ಡಬ್ಬ ಪೇರಿಸಿಡುತ್ತಿದ್ದರು. ಆದರೆ ಆ ಮನೆಯ ಸೊಸೆಯ ಮಾವ ಕಾಡಿನ ದಾರಿಯಲ್ಲಿ ಜೀವಮಾನವಿಡೀ ಬಸ್ ಓಡಿಸಿದವರು. ನಿವೃತ್ತಿಯಾಗಿ ಬರುವಾಗ ಎಲ್ಲರ ಹಾಗೆ ಗಡಿಯಾರ ತರಲಿಲ್ಲ. ಆ ದಾರಿಯ ಕಾವಲುಗಾರನೊಬ್ಬ ಕೊಟ್ಟ ಒಂದು ಹಿಡಿ ಬೀಜ ತಂದರು. ಕಾಡಿನ ಮರಗಳ ಬುಡದಲ್ಲಿ ತಾನಾಗಿ ಬೆಳೆಯುವ ಗೆಜ್ಜೆ ಹೂವಿನ ಬೀಜ.

ಗೆಜ್ಜೆ ಹೂ ಬೆಳೆಸುವವನಿಗೆ ಅವಸರ ಇರಬಾರದು. ಮೊದಲ ವರ್ಷ ಅದು ಮಣ್ಣೊಳಗೇ ಬೇರು ಬಿಟ್ಟುಕೊಂಡಿರುತ್ತದೆ, ಮೇಲೆ ಮುಖ ತೋರಿಸುವುದಿಲ್ಲ. ಎರಡನೆಯ ವರ್ಷ ಒಂದೇ ಒಂದು ಎಲೆ. ಹೂ ಕಾಣಬೇಕಾದರೆ ಇನ್ನೂ ಐದಾರು ವರ್ಷ. ಗೊಬ್ಬರ ಸೇರದು, ಬಿಸಿಲು ಸೇರದು, ನೀರು ನಿಂತರೆ ಕೊಳೆತುಹೋಗುತ್ತದೆ. ಬೇಕಾದ್ದು ನೆರಳು, ಕೊಳೆತ ಎಲೆಯ ಮೆತ್ತನೆ ಹಾಸಿಗೆ, ಮತ್ತು ಯಾರೂ ಕೈಹಾಕದ ನೆಮ್ಮದಿ. ಮೊದಲಿನವೆರಡಕ್ಕೆ ಆ ಹಿತ್ತಿಲಲ್ಲಿ ಕೊರತೆಯಿರಲಿಲ್ಲ. ಮೂರನೆಯದಕ್ಕೇ ಬರ.

ಅತ್ತೆಗೆ ಪೊರಕೆ ಎಂದರೆ ಆರನೆಯ ಬೆರಳು. "ಊರಲ್ಲೆಲ್ಲ ಕಸ ಆಚೆ ಹಾಕ್ತಾರೆ. ನಮ್ಮನೇಲಿ ಮಾತ್ರ ಬೀದಿ ಕಸಾನ ಗೋಣೀಲಿ ತುಂಬಿ ಒಳಗೆ ತರ್ತಾರೆ," ಎಂದು ಗೊಣಗುತ್ತ ಮರದಿಂದ ಉದುರಿದ ಎಲೆಗಳನ್ನು ಗುಡಿಸಲು ಹೊರಟರೆ, ಮಾವ ಒಳಗಿಂದ ಓಡಿ ಬರುತ್ತಿದ್ದರು.

"ಏಯ್, ಅದು ಕಸ ಅಲ್ಲ, ಹೊದಿಕೆ!"

"ಹೊದಿಕೆಯಾದ್ರೆ ನೀವೇ ಹೊದ್ಕೊಂಡು ಮಲಗಿ."

ಸೊಸೆಗೆ ಈ ಜಗಳದಲ್ಲಿ ಪಾಲಿರಲಿಲ್ಲ, ಹೊತ್ತೂ ಇರಲಿಲ್ಲ. ಹೋಟೆಲುಗಳ ಹಾಸಿಗೆ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯಲ್ಲಿ ಅವಳ ಕೆಲಸ. ಬೆಳಿಗ್ಗೆಯಿಂದ ಸಂಜೆವರೆಗೆ ಬ್ಲೀಚಿನ ಹಬೆಯಲ್ಲಿ ನಿಂತು ಬಂದರೆ ಮೂಗಿಗೆ ಕಾಫಿಯೂ ಒಂದೇ, ಸೀಮೆಎಣ್ಣೆಯೂ ಒಂದೇ. ಮನೆಗೆ ಬಂದ ಮೇಲೆ ರಾತ್ರಿಯ ಅಡುಗೆ ಅವಳದು. ಗಂಡ ಲಿಫ್ಟ್ ರಿಪೇರಿ ಮಾಡುವವನು. ಯಾವ ಕಟ್ಟಡದ ಯಾವ ಮಹಡಿಯ ನಡುವೆ ಯಾರು ಸಿಕ್ಕಿಕೊಂಡರೂ ಅವನಿಗೆ ಫೋನು. ಒಂಬತ್ತು ವರ್ಷದ ಮಗಳನ್ನು ಎಲ್ಲರೂ ಗುಬ್ಬಿ ಎಂದೇ ಕರೆಯುತ್ತಿದ್ದರು. ತಿನ್ನುವುದೂ ಗುಬ್ಬಿಯ ಹಾಗೇ. ಹಸಿರಾಗಿರುವುದನ್ನೆಲ್ಲ ತಟ್ಟೆಯ ಅಂಚಿಗೆ ತಳ್ಳುವುದರಲ್ಲಿ ಅವಳದು ಎತ್ತಿದ ಕೈ.

ಹಿತ್ತಿಲಿನ ಅಂಚಿನಲ್ಲಿ ಒಂದು ಮೂಲೆಯನ್ನು ಮಾವನೇ ಸೊಸೆಗೆ ಬಿಟ್ಟುಕೊಟ್ಟಿದ್ದರು. ಅಲ್ಲಿ ಅವಳು ಕಾಡುಬೆಳ್ಳುಳ್ಳಿ ಹಾಕಿದ್ದಳು. ಅದೂ ನೆರಳಿನ ಗಿಡವೇ. ಅಗಲವಾದ ಮೆತ್ತನೆಯ ಎಲೆ, ಹಿಸುಕಿದರೆ ಬೆಳ್ಳುಳ್ಳಿಯ ಘಾಟು. ಸೂಪಿಗೆ, ಮೊಟ್ಟೆಗೆ ಹಾಕಿದರೆ ನಾಲಿಗೆ ಚಪ್ಪರಿಸಬೇಕು. ನೋಡಲು ಗೆಜ್ಜೆ ಹೂವಿನ ಎಲೆಗೂ ಅದಕ್ಕೂ ಅವಳಿ ಮಕ್ಕಳ ಹೋಲಿಕೆ. "ಇದು ಅಣ್ಣ, ಅದು ತಮ್ಮ," ಎಂದು ಮಾವ ಗುಬ್ಬಿಗೆ ಹೇಳಿಕೊಟ್ಟಿದ್ದರು. "ತಮ್ಮ ನಾರ್ತಾನೆ, ಅವನನ್ನ ತಿನ್ನಬಹುದು. ಅಣ್ಣ ಚಂದ, ಅವನನ್ನ ಮುಟ್ಟಬಾರದು. ಅವನ ಮೈಯೆಲ್ಲ ವಿಷ."

ಆ ವರ್ಷ ಕೊನೆಗೂ ಹೂ ಬಂತು. ಬಾಗಿದ ದಂಟಿನುದ್ದಕ್ಕೂ ಕಾಳಿನಷ್ಟು ಬಿಳಿಯ ಗೆಜ್ಜೆಗಳು. ಮಾವ ಕುರ್ಚಿ ಹಾಕಿಕೊಂಡು ಅದರೆದುರೇ ಕುಳಿತರು. ಊಟಕ್ಕೆ ಮೂರು ಸಲ ಕರೆದರೂ ಏಳಲಿಲ್ಲ.

ಅದೇ ವಾರ ಸೊಸೆ ತಂತಿಗೆ ಹೊದಿಕೆ ಒಣಹಾಕುವಾಗ ಹಿಂದೆ ಹೆಜ್ಜೆಯಿಟ್ಟು ಮೂರು ಎಳೆಯ ಸಸಿಗಳನ್ನು ತುಳಿದುಬಿಟ್ಟಳು.

"ಕಾಲಿಗೆ ಕಣ್ಣಿಲ್ವಾ ನಿಂಗೆ?" ಮಾವ ಕಿರುಚಿದ ರಭಸಕ್ಕೆ ಗೋದಾಮಿನ ಹಮಾಲಿಗಳೂ ಇಣುಕಿದರು. ಹಾಗೆಲ್ಲ ಅವರು ಹಿಂದೆಂದೂ ಸೊಸೆಗೆ ಅಂದವರಲ್ಲ. ಈಚೆಗೆ ಕೆಲವು ತಿಂಗಳಿಂದ ಮಾತ್ರ ಸಣ್ಣದಕ್ಕೂ ಸಿಡಿಯುತ್ತಿದ್ದರು. ವಯಸ್ಸಾಯಿತು ಎಂದುಕೊಂಡು ಎಲ್ಲರೂ ಸುಮ್ಮನಿದ್ದರು.

ದಣಿದಿದ್ದ ಸೊಸೆಗೆ ಆ ದಿನ ತಡೆಯಲಾಗಲಿಲ್ಲ. "ದಿನಾ ಹೊಟ್ಟೆಗೆ ಹಾಕೋಳು ನಾನು, ಬೈಗುಳಾನೂ ನಂಗೇ. ನೋಡ್ತಿರಿ, ಒಂದಿನ ನಿಮ್ಮ ಹೂವನ್ನೇ ಬುಡ ಸಮೇತ ಕಿತ್ತು ಬೇಯಿಸಿ ಬಡಿಸ್ತೀನಿ. ಆಗ ಎಲ್ಲರಿಗೂ ನೆಮ್ಮದಿ!"

ಅತ್ತೆ ಕೇಳಿಸಿಕೊಂಡರು. ಗಂಡ ಕೇಳಿಸಿಕೊಂಡ. ಆ ದಿನ ಬಂದಿದ್ದ ನಾದಿನಿಯೂ ಕೇಳಿಸಿಕೊಂಡಳು. ನಕ್ಕವಳು ಗುಬ್ಬಿ ಮಾತ್ರ.

ಮುಂದಿನ ವಾರ ಒಂದು ಸಂಜೆ ಸೊಸೆ ಕೆಲಸದಿಂದ ಬಂದಾಗ ಅಡುಗೆಕಟ್ಟೆಯ ಮೇಲೆ ಜರಡಿಬುಟ್ಟಿಯಲ್ಲಿ ತೊಳೆದ ಸೊಪ್ಪು ಕಾದಿತ್ತು. ಅತ್ತೆ ಕಿತ್ತಿಟ್ಟಿದ್ದಾರೆ ಎಂದುಕೊಂಡಳು. ಅಪರೂಪಕ್ಕೆ ಹಾಗೆ ಮಾಡುವುದಿತ್ತು. ಬೆಳ್ಳುಳ್ಳಿ ಸೊಪ್ಪೂ ಇತ್ತು ಅದರಲ್ಲಿ, ಮೇಲೆಯೇ. ಹೆಚ್ಚಿದಳು, ಆಲೂಗಡ್ಡೆ ಜೊತೆ ಬೇಯಿಸಿದಳು, ಕಡೆದು ಸೂಪ್ ಮಾಡಿದಳು. ಗಂಡ ಡ್ಯೂಟಿಯಿಂದ ಬಂದಿರಲಿಲ್ಲ. ಮಾವ ಬ್ರೆಡ್ಡು ತಿಂದು ಆಗಲೇ ಮಲಗಿದ್ದರು. ಗುಬ್ಬಿ ಮೊಟ್ಟೆ ತಿಂದು ಸೂಪಿನ ಬಟ್ಟಲಿಗೆ ಮೂಗು ಮುರಿದಳು. ಅತ್ತೆ ಮಾತ್ರ ಎರಡು ಬಟ್ಟಲು ಕುಡಿದರು.

"ಇವತ್ತು ಯಾಕೋ ಸ್ವಲ್ಪ ಕಹಿ," ಎಂದರು.

"ಸೊಪ್ಪು ಬಲಿತಿರಬೇಕು ಅತ್ತೆ," ಎಂದು ಸೊಸೆ ತಾನೂ ನಾಲ್ಕು ಚಮಚ ಕುಡಿದು, ನಿಜಕ್ಕೂ ಕಹಿ ಎನ್ನಿಸಿ ಬಟ್ಟಲು ಬದಿಗಿಟ್ಟಳು.

ಪಾತ್ರೆ ತೊಳೆಯುವಷ್ಟರಲ್ಲಿ ಅತ್ತೆಗೆ ವಾಂತಿ ಶುರುವಾಯಿತು. ಸೊಸೆಗೂ ಹೊಟ್ಟೆ ತೊಳಸಿತು. ಅತ್ತೆ ಗೋಡೆ ಹಿಡಿದು, "ದೀಪ ಯಾಕೆ ಹಳದಿ ಆಗಿದೆ? ನಿನ್ನ ಮುಖಾನೂ ಹಳದಿ ಕಾಣ್ತಿದೆಯಲ್ಲೇ!" ಎಂದು ಹಾಗೇ ಕುಸಿದರು. ಸೊಸೆ ನಾಡಿ ಹಿಡಿದರೆ, ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಒಂದು ಯುಗ. ಅವಳು ಆಂಬುಲೆನ್ಸಿಗೂ ಗಂಡನಿಗೂ ಫೋನ್ ಮಾಡಿದಳು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಏನು ತಿಂದಿರಿ ಎಂದು ಕೇಳಿದರು. ಗಂಡ ಮನೆಗೆ ಓಡಿ, ಉಳಿದ ಸೂಪಿನ ಜೊತೆ ಕಸದ ಡಬ್ಬದಲ್ಲಿದ್ದ ದಂಟುಗಳನ್ನೂ ತಂದ. ಡಾಕ್ಟರಮ್ಮ ಒಂದು ದಂಟನ್ನು ಬೆಳಕಿಗೆ ಹಿಡಿದರು. ತುದಿಯಲ್ಲಿ ಒಂದು ಬಿಳಿಯ ಗೆಜ್ಜೆ, ಬಾಡಿ ಅಂಟಿಕೊಂಡಿತ್ತು.

"ಇದು ಹೃದಯಾನೇ ನಿಲ್ಲಿಸಿಬಿಡುತ್ತೆ. ಇನ್ನೊಂದು ಬಟ್ಟಲು ಕುಡಿದಿದ್ರೆ ನಮ್ಮ ಕೈಲಿ ಏನೂ ಇರ್ತಿರಲಿಲ್ಲ. ಯಾರು ಅಡುಗೆ ಮಾಡಿದ್ದು?"

ಗಂಡ ತಿರುಗಿ ಹೆಂಡತಿಯನ್ನು ನೋಡಿದ.

"ನೀನು ಅವತ್ತು ಅಂದಿದ್ದೆ," ಎಂದ ಮೆಲ್ಲಗೆ.

"ಏನಂದಿದ್ದೆ?" ಕೇಳಿದಳು. ಕೇಳಿದ ಮೇಲೆ ನೆನಪಾಯಿತು. "ಅಯ್ಯೋ, ನಿಮ್ಗೇನು ತಲೆ ಕೆಟ್ಟಿದೆಯಾ? ಅದು ಕೋಪದ ಮಾತು! ನಾನೂ ನಾಲ್ಕು ಚಮಚ ಕುಡಿದಿದೀನಲ್ಲ!"

"ನಾಲ್ಕೇ ನಾಲ್ಕು ಚಮಚ," ಎಂದಳು ಅಷ್ಟರಲ್ಲಿ ಬಂದು ಸೇರಿದ್ದ ನಾದಿನಿ. ಅವಳು ಔಷಧಿ ಅಂಗಡಿಯ ಗಲ್ಲಾದಲ್ಲಿ ಕೂರುವವಳು. ಎಷ್ಟು ಕೊಟ್ಟರು, ಎಷ್ಟು ಉಳಿಯಿತು ಎಂಬುದರಲ್ಲೇ ಅವಳ ಬದುಕು.

"ಸೊಪ್ಪು ನಾನು ಕಿತ್ತಿದ್ದಲ್ಲ. ಕಟ್ಟೆ ಮೇಲೆ ಇತ್ತು. ಅತ್ತೆ ಕಿತ್ತಿಟ್ಟಿದ್ರು."

ಎರಡು ದಿನದ ಮೇಲೆ, ಎದೆಗೆ ಅಂಟಿಸಿದ್ದ ವಯರುಗಳ ನಡುವೆ ಅತ್ತೆ ಕಣ್ಣು ಬಿಟ್ಟಾಗ ಮಗ ಅದನ್ನೇ ಕೇಳಿದ. ಅತ್ತೆ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡರು.

"ನಾನು ಕಿತ್ತಿಲ್ಲ," ಎಂದರು.

ಆಮೇಲೆ ಕೇಳಲು ಯಾರು ಉಳಿದರು? ಗುಬ್ಬಿ ಸಂಜೆವರೆಗೆ ಶಾಲೆಯಲ್ಲಿದ್ದಳು. ಮಾವ? ಆ ಹೂವಿನ ಒಂದು ಎಲೆ ಬಾಡಿದರೆ ಊಟ ಬಿಡುವ ಮನುಷ್ಯನನ್ನು ಯಾರು ಕೇಳುತ್ತಾರೆ! ಅವರು ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಬಂದುಹೋಗುವವರನ್ನೆಲ್ಲ "ಏನಾಯ್ತಂತೆ ಅವಳಿಗೆ?" ಎಂದು ವಿಚಾರಿಸುತ್ತಿದ್ದರು. ಆಘಾತವಾಗಿದೆ ಪಾಪ, ಎಂದುಕೊಂಡರು ಎಲ್ಲರೂ.

ಅತ್ತೆ ಮನೆಗೆ ಬಂದರು. ನಾದಿನಿಯೂ ಒಂದು ಸೂಟ್‌ಕೇಸಿನೊಂದಿಗೆ ಬಂದು ಅಡುಗೆಮನೆ ಹಿಡಿದಳು. ಸೊಸೆಗೆ ಯಾರೂ ಹೊಡೆಯಲಿಲ್ಲ, ಬಡಿಯಲಿಲ್ಲ, ಪೊಲೀಸರ ಮಾತೆತ್ತಲಿಲ್ಲ. ಒಲೆಯ ಹತ್ತಿರ ಬಿಡಲಿಲ್ಲ, ಅಷ್ಟೆ. ಅವಳು ಬಟಾಣಿ ಸುಲಿಯಲು ಕೂತರೆ, "ಬಿಡಿ ಅತ್ತಿಗೆ, ನಾನೇ ಸುಲೀತೀನಿ," ಎಂದು ನಾದಿನಿ ಬಟ್ಟಲು ಎಳೆದುಕೊಳ್ಳುವಳು. ಸೊಸೆ ಮುಟ್ಟಿದ ಹಾಲಿನ ಪಾತ್ರೆ ಹೇಗೋ ಚೆಲ್ಲಿಹೋಗುವುದು. ಗಂಡ ತಟ್ಟೆ ಮೇಲಿನ ಕಣ್ಣೆತ್ತದೆ ಉಂಡು ಎದ್ದುಹೋಗುವನು. ತಾನು ಬೇರೆ ಯಾವುದೋ ಮನೆಯ ಮೇಜಿನಲ್ಲಿ ಬಂದು ಕೂತಿದ್ದೇನೆ ಎನ್ನಿಸುತ್ತಿತ್ತು ಅವಳಿಗೆ. ಕೊನೆಕೊನೆಗೆ ಲಾಂಡ್ರಿಯ ಕ್ಯಾಂಟೀನಿನಲ್ಲೇ ಎರಡು ಬನ್ನು ತಿಂದು ಮನೆಗೆ ಬರತೊಡಗಿದಳು.

ಇಸ್ತ್ರಿ ಯಂತ್ರದೆದುರು ನಿಂತಾಗ ಅವಳು ತನ್ನನ್ನೇ ಕೇಳಿಕೊಳ್ಳುತ್ತಿದ್ದಳು: ನಾನೇ ಕಿತ್ತೆನಾ? ದಣಿವಿನಲ್ಲಿ ಕಿತ್ತು ಮರೆತುಬಿಟ್ಟೆನಾ? ಹೆಚ್ಚಿದ್ದಂತೂ ನಾನೇ. ಒಂದು ಎಲೆ ಹಿಸುಕಿ ಮೂಸಿದ್ದರೆ ಸಾಕಿತ್ತು. ಮೂಸಿದ್ದರೂ ಈ ಬ್ಲೀಚು ತಿಂದ ಮೂಗಿಗೆ ಏನು ಗೊತ್ತಾಗುತ್ತಿತ್ತು?

ಒಂದು ಬೆಳಿಗ್ಗೆ ಅತ್ತೆ ಕಾಫಿ ಕುಡಿಯುತ್ತ ಕೂತಿದ್ದಾಗ ಸೊಸೆ ಗುಬ್ಬಿಗೆ ಜಡೆ ಹಾಕಿ, ಊಟದ ಡಬ್ಬಿಗೆ ಒಂದು ಸೇಬು ಹೆಚ್ಚಿ ಹಾಕಿದಳು. ಗುಬ್ಬಿ ಡಬ್ಬಿಯನ್ನು ಕೈಗೆ ತೆಗೆದುಕೊಳ್ಳಲಿಲ್ಲ.

"ಯಾಕೆ ಚಿನ್ನ?"

"ಅಮ್ಮ... ಔಷಧಿ ಅಂಗಡಿ ಅತ್ತೆ ಹೇಳಿದಾರೆ, ನೀನು ಕೊಟ್ಟಿದ್ದು ಅವರಿಗೆ ತೋರಿಸಿ ತಿನ್ನಬೇಕಂತೆ."

ಸೊಸೆ ಕೈಯಲ್ಲಿದ್ದ ಚಾಕುವನ್ನು ಕಟ್ಟೆಯ ಮೇಲಿಟ್ಟಳು. ಅವಳು ಬೈಯಲಿಲ್ಲ, ಅಳಲಿಲ್ಲ. ಒಂದು ಹೋಳು ತಾನು ತಿಂದು ತೋರಿಸಿದಳು. ಹೆತ್ತ ಮಗಳ ಮುಂದೆ, ಅವಳು ನೋಡುವ ಹಾಗೆ, ಅಗಿದು ನುಂಗಿದಳು. ಗುಬ್ಬಿ ಡಬ್ಬಿ ತೆಗೆದುಕೊಂಡು ಓಡಿದಳು.

ಅದಾದ ಭಾನುವಾರ ನಾದಿನಿ ಮಾರುಕಟ್ಟೆಗೆ ಹೋಗಿದ್ದಳು. ಗಂಡ ಹಜಾರದಲ್ಲಿ ತನ್ನ ಉಪಕರಣಗಳ ಚೀಲ ಬಿಚ್ಚಿ ಎಣ್ಣೆ ಒರೆಸುತ್ತಿದ್ದ. ಸೊಸೆ ಒದ್ದೆ ಬಟ್ಟೆಯ ಬಕೆಟ್ ಹಿಡಿದು ಹಿತ್ತಿಲ ಬಾಗಿಲು ತೆಗೆದಳು.

ಮಾವ ಕುರ್ಚಿಯಲ್ಲಿ ಕೂತಿದ್ದರು. ಮಡಿಲಲ್ಲಿ ಜರಡಿಬುಟ್ಟಿ. ಬಾಗಿ, ಒಂದೊಂದೇ ಎಲೆಯನ್ನು ಬುಡದಲ್ಲಿ ಚಿವುಟಿ, ಮಣ್ಣು ಕೊಡವಿ ಬುಟ್ಟಿಗೆ ಹಾಕುತ್ತಿದ್ದರು. ಬಹಳ ಅಚ್ಚುಕಟ್ಟಾದ ಕೆಲಸ. ಹುಳ ಬಿದ್ದದ್ದನ್ನು ಬಿಟ್ಟು ಒಳ್ಳೆಯದನ್ನೇ ಆರಿಸುತ್ತಿದ್ದರು. ಅವಳ ಮೂಲೆಯ ಬೆಳ್ಳುಳ್ಳಿ ಸೊಪ್ಪು ನಾಲ್ಕೆಲೆ ಕಿತ್ತು ಮುಗಿದಿತ್ತು. ಈಗ ಅವರ ಕೈ ಗೆಜ್ಜೆ ಹೂವಿನ ಪಾತಿಯಲ್ಲಿತ್ತು.

"ಮಾವ... ಏನ್ ಮಾಡ್ತಿದೀರಿ?"

"ಬಾಮ್ಮ," ಎಂದರು ಪ್ರೀತಿಯಿಂದ. "ನೀನು ದಣಿದು ಬರ್ತೀಯ. ಸೊಪ್ಪಾದ್ರೂ ಕಿತ್ತಿಟ್ರೆ ನಿನಗೊಂದು ಕೆಲಸ ಕಡಿಮೆ ಆಗುತ್ತಲ್ಲ ಅಂತ."

"ಅದು ಯಾವ ಸೊಪ್ಪು?"

"ಬೆಳ್ಳುಳ್ಳಿ ಸೊಪ್ಪು. ನೀನೇ ಹಾಕಿದ್ದಲ್ವಾ?"

ಎಲೆಗಳ ನಡುವೆ ತಡವಾಗಿ ಅರಳಿದ ಒಂದು ದಂಟು ಅವರ ಬೆರಳಿಗೆ ಸಿಕ್ಕಿತ್ತು. ಅವಳು ಅದನ್ನು ತೋರಿಸಿದಳು. "ಈ ಹೂ, ಮಾವ?"

ಮಾವ ಅದನ್ನು ಎತ್ತಿ ತಿರುಗಿಸಿ ನೋಡಿದರು. ಹೊಸ ಊರಿಗೆ ಬಂದವರು ಅಂಗಡಿಯ ಬೋರ್ಡು ನೋಡುವ ಹಾಗೆ.

"ಯಾವುದೋ ಕಳೆ. ನೋಡೋಕೆ ಚೆನ್ನಾಗಿದೆ, ಅಲ್ವಾ? ಬೇಕಾದ್ರೆ ಗುಬ್ಬಿಗೆ ಕೊಡು, ಆಡ್ಕೊಳ್ಳಲಿ."

ಬಕೆಟ್ ಕೈಜಾರಿ ಒದ್ದೆ ಬಟ್ಟೆಯೆಲ್ಲ ಮಣ್ಣಿನಲ್ಲಿ ಹರಡಿತು. ತಿರುಗಿದರೆ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಅವರ ಮುಖದಲ್ಲಿ ಭಯವಿತ್ತು, ಸಂಕಟವಿತ್ತು. ಇರಬೇಕಾದ ಒಂದು ಮಾತ್ರ ಇರಲಿಲ್ಲ. ಆಶ್ಚರ್ಯ.

ಸೊಸೆಗೆ ಅರ್ಥವಾಗಲು ಒಂದು ಉಸಿರಿನಷ್ಟು ಹೊತ್ತು ಹಿಡಿಯಿತು.

"ನಿಮಗೆ ಗೊತ್ತಿತ್ತು."

"ಮೆಲ್ಲಗೆ ಮಾತಾಡು..."

"ಗೊತ್ತಿತ್ತಾ, ಇಲ್ವಾ?"

"ಅವತ್ತು ಸಂಜೆ ಬುಟ್ಟಿ ತಂದಿಟ್ಟಿದ್ದು ನೋಡಿದ್ದೆ," ಎಂದರು ಅತ್ತೆ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು. "ಬೆಳ್ಳುಳ್ಳಿ ಸೊಪ್ಪೇ ಅಂದ್ಕೊಂಡೆ ಕಣೇ, ಆಣೆ. ಇಲ್ಲದಿದ್ರೆ ನಾನು ಕುಡೀತಿದ್ನಾ? ಆಸ್ಪತ್ರೇಲಿ ಎಚ್ಚರ ಆದಾಗ ಹೊಳೀತು. ಒಂದು ವರ್ಷದಿಂದ ಮುಚ್ಕೊಂಡು ಬಂದಿದೀನಿ. ಬಸ್ ಸ್ಟ್ಯಾಂಡಿಗೆ ಹೋದೋರಿಗೆ ಮನೆ ದಾರಿ ಮರೆತು, ಯಾರೋ ಕಂಡಕ್ಟರ್ ಕರ್ಕೊಂಡು ಬಂದು ಬಿಟ್ಟ. ಒಂದಿನ ನನ್ನನ್ನೇ ಯಾರಮ್ಮ ನೀವು ಅಂದ್ರು. ಇದನ್ನೂ ಹೇಳಿದ್ರೆ ಮಕ್ಕಳು ಅವರನ್ನ ಎಲ್ಲಾದ್ರೂ ಸೇರಿಸಿಬಿಡ್ತಾರೆ ಅಂತ..."

"ಅದಕ್ಕೆ ನನ್ನನ್ನ ಕೊಲೆಗಾತಿ ಮಾಡಿದ್ರಾ?" ಸೊಸೆಯ ದನಿ ಗೋದಾಮಿನ ಗೋಡೆಗೆ ಬಡಿದು ವಾಪಸು ಬಂತು. "ನನ್ನ ಮಗಳು ನನ್ನ ಕೈಯಿಂದ ಸೇಬು ತಿನ್ನೋಕೆ ಹೆದರ್ತಾಳೆ ಅತ್ತೆ! ನಾನು ಎಂಜಲು ಮಾಡಿ ತೋರಿಸಿ ಕೊಟ್ಟೆ! ನೀವು ಅಲ್ಲೇ ಕೂತು ಕಾಫಿ ಕುಡೀತಿದ್ರಿ. ನೋಡಿದ್ರಿ. ನೋಡ್ಕೊಂಡೇ ಕೂತಿದ್ರಿ!"

ಗಂಡ ಎಣ್ಣೆಗೈಯಲ್ಲೇ ಓಡಿ ಬಂದ. ಮಡಿಲ ಬುಟ್ಟಿಯನ್ನು ನೋಡಿದ, ಅಪ್ಪನ ಕೈಯಲ್ಲಿದ್ದ ದಂಟನ್ನು ನೋಡಿದ. ಯಾರೂ ಅವನಿಗೆ ಏನನ್ನೂ ಬಿಡಿಸಿ ಹೇಳಬೇಕಾಗಲಿಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕೂತ.

"ಯಾಕೆ ಎಲ್ಲರೂ ಹೀಗೆ ನಿಂತಿದೀರಿ?" ಮಾವ ಒಬ್ಬೊಬ್ಬರನ್ನೇ ನೋಡಿ ಗಾಬರಿಯಾದರು. "ಯಾರಿಗಾದ್ರೂ ಏನಾದ್ರೂ ಆಯ್ತಾ?"

ಮಧ್ಯಾಹ್ನ ಊಟದ ಮೇಜಿನಲ್ಲಿ ನಾದಿನಿಯ ಎದುರೇ ಅತ್ತೆ ಎಲ್ಲವನ್ನೂ ತಾವೇ ಹೇಳಿದರು. ನಾದಿನಿ ಅನ್ನ ಕಲೆಸುತ್ತಿದ್ದ ಕೈಯನ್ನು ಹಾಗೇ ಹಿಡಿದು ಕೂತುಬಿಟ್ಟಳು. ಅನ್ನ ಬೆರಳಲ್ಲೇ ಒಣಗಿತು. ಗಂಡ ಹೆಂಡತಿಯ ಕಡೆ ತಿರುಗಿ, "ನಾನು..." ಎಂದ.

"ಈಗ ಬೇಡ," ಎಂದಳು ಅವಳು. "ಮೊದಲು ಗುಬ್ಬಿಗೆ ಹೇಳಿ. ನೀವೇ ಹೇಳಿ, ನನ್ನೆದುರಿಗೇ. ನನ್ನದು ಆಮೇಲೆ ನೋಡೋಣ."

ಅವನು ಹೇಳಿದ. ಗುಬ್ಬಿ ಎಲ್ಲ ಕೇಳಿ, "ಹಾಗಾದ್ರೆ ಅಜ್ಜನಿಗೆ ಅಣ್ಣ ಯಾರು ತಮ್ಮ ಯಾರು ಮರೆತುಹೋಯ್ತಾ?" ಎಂದಳು.

ಮಾವನನ್ನು ತಲೆಯ ಡಾಕ್ಟರಿಗೆ ತೋರಿಸಿದರು. ಆತ ಚಿತ್ರ ತೋರಿಸಿ, ವಾರ ಕೇಳಿ, ಗಡಿಯಾರ ಬರೆಸಿ, ಗೊತ್ತಿದ್ದದ್ದನ್ನೇ ಹೇಳಿದ. ಹೊರಡುವಾಗ, ಹಿತ್ತಿಲಲ್ಲಿ ವಿಷದ ಗಿಡ ಇಟ್ಟುಕೊಳ್ಳಬೇಡಿ ಎಂದ. ಬೇಲಿ ಹಾಕೋಣ, ಬೀಗ ಹಾಕೋಣ ಎಂದೆಲ್ಲ ಮಗ ಒದ್ದಾಡಿದ. ಕೊನೆಗೆ, ಕಾಡಿನ ಗಿಡಗಳನ್ನು ಬೆಳೆಸುವ ನರ್ಸರಿಯೊಂದಕ್ಕೆ ಫೋನ್ ಮಾಡಿದ್ದು ಅತ್ತೆ.

ನರ್ಸರಿಯವರು ವ್ಯಾನ್ ತಂದ ದಿನ ಮಗ ಗುದ್ದಲಿ ಹಿಡಿದು ಪಾತಿಗಿಳಿದ. ಮೊದಲ ಏಟಿಗೇ ಮಾವ ಕುರ್ಚಿಯಿಂದ ಎದ್ದರು. ಅವರು ಬಂದು ಮಗನ ಕೈಯಿಂದ ಗುದ್ದಲಿ ಕಸಿದುಕೊಂಡರು.

"ಹೀಗಾ ಅಗೆಯೋದು? ಬೇರು ಅಡ್ಡಡ್ಡ ಓಡಿರುತ್ತೆ. ದೂರದಿಂದ ಬಾ. ಮಣ್ಣಿನ ಸಮೇತ ಎತ್ತು."

ಮಂಡಿಯೂರಿ ಕೂತು ತಾವೇ ಕೈಯಿಂದ ಮಣ್ಣು ಸರಿಸಿದರು. ಒಂದು ಬೇರೂ ಹರಿಯದ ಹಾಗೆ, ಎಳೆಗೂಸನ್ನು ತೊಟ್ಟಿಲಿನಿಂದ ಎತ್ತುವ ಹಾಗೆ, ಅಷ್ಟು ವರ್ಷದ ಪಾತಿಯನ್ನು ಕಂತೆಕಂತೆಯಾಗಿ ಎತ್ತಿ ನರ್ಸರಿಯವರ ಟ್ರೇಗೆ ಇಟ್ಟುಕೊಟ್ಟರು. ತಲೆಗೆ ಮರೆತದ್ದು ಬೆರಳಿಗೆ ಮರೆತಿರಲಿಲ್ಲ. ಸೊಸೆ ಬಾಗಿಲಲ್ಲಿ ನಿಂತು ನೋಡಿದಳು; ನೋಡಲಾಗದೆ ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಹಿತ್ತಿಲಿನಿಂದ ಒಂದು ಕೂಗು ಬಂತು. ಎಲ್ಲರೂ ಓಡಿದರು. ಮಾವ ಅಗೆದ ಮಣ್ಣಿನ ಮುಂದೆ ನಿಂತಿದ್ದರು. ಕಣ್ಣು ನಿಚ್ಚಳವಾಗಿತ್ತು. ತಿಂಗಳುಗಟ್ಟಲೆ ಆ ಕಣ್ಣುಗಳಲ್ಲಿ ಅಷ್ಟು ತಿಳಿವನ್ನು ಯಾರೂ ಕಂಡಿರಲಿಲ್ಲ.

"ನನ್ನ ಗೆಜ್ಜೆ ಹೂ! ಯಾರು ಕಿತ್ತದ್ದು? ಯಾವ ಪಾಪಿ ಕೈ ಅದು?"

ಸೊಸೆ ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಅವಳನ್ನು ಬದಿಗೆ ಸರಿಸಿ ಮುಂದೆ ಬಂದರು.

"ನಾನು. ನಾನೇ ಕೀಳಿಸಿದ್ದು."

ಮಾವ ಬೈದರು. ಮದುವೆಯಾದ ಲಾಗಾಯ್ತಿನಿಂದ ಆಡದಿದ್ದ ಮಾತುಗಳನ್ನೆಲ್ಲ ಆಡಿದರು. ನೀನು ಹೆಂಗಸಲ್ಲ ಎಂದರು, ನಿನ್ನ ಕೈ ಸೇದಿಹೋಗಲಿ ಎಂದರು. ಇನ್ನೂ ನಿತ್ರಾಣವಿದ್ದ ಅತ್ತೆ ಬಾಗಿಲ ಚೌಕಟ್ಟು ಹಿಡಿದು ನಿಂತು, ಎಲ್ಲಕ್ಕೂ "ಹೌದು, ನಾನೇ" ಎಂದರು. ಸುಸ್ತಾಗಿ ಮಾವ ಕೂತ ಮೇಲೆ ಮುಖ ಒರೆಸಿಕೊಂಡು ಒಳಗೆ ಹೋದರು.

ಅದು ಒಂದು ದಿನಕ್ಕೆ ಮುಗಿಯಲಿಲ್ಲ. ಹೂವನ್ನು ಮರೆತಿದ್ದ ಮಾವನಿಗೆ ಹೂವಿಲ್ಲದ್ದು ಮಾತ್ರ ದಿನಾ ಬೆಳಿಗ್ಗೆ ನೆನಪಾಗುತ್ತಿತ್ತು. ದಿನಾ ಅದೇ ಕೂಗು, ಅದೇ ಪ್ರಶ್ನೆ. ದಿನಾ ಅತ್ತೆ ಕೆಲಸ ಬಿಟ್ಟು ಬಂದು, ಎದುರು ನಿಂತು, "ನಾನೇ" ಎನ್ನುತ್ತಿದ್ದರು, ಬೈಸಿಕೊಂಡು ಹೋಗುತ್ತಿದ್ದರು. ಸೊಸೆ ಅತ್ತೆಯೊಂದಿಗೆ ಬೇಕಾದಷ್ಟೇ ಮಾತಾಡುತ್ತಿದ್ದಳು. ಮನಸ್ಸು ಇನ್ನೂ ಬಿಸಿಯಾಗಿತ್ತು. ಆರಲಿ ಎಂದು ಅವಳು ಊದುತ್ತಲೂ ಇರಲಿಲ್ಲ. ನಾದಿನಿ ಸೂಟ್‌ಕೇಸ್ ಕಟ್ಟಿಕೊಂಡು ಹೊರಟುಹೋಗಿದ್ದಳು. ಒಲೆ ಮತ್ತೆ ಸೊಸೆಯ ಪಾಲಿಗೆ ಬಂದಿತ್ತು.

ರಜೆಯ ದಿನ. ಸೊಸೆ ಕಾವಲಿಯ ಮೇಲೆ ಮೊಟ್ಟೆ ಒಡೆಯುತ್ತಿದ್ದಳು. ಹಿತ್ತಿಲಿನಿಂದ ಕೂಗು ಬಂತು. ಬಚ್ಚಲಿನಲ್ಲಿ ನೀರಿನ ಸದ್ದು. ಅತ್ತೆ ಸ್ನಾನಕ್ಕಿಳಿದಿದ್ದರು, ಅವರಿಗೆ ಕೇಳಿಸಿರಲಿಲ್ಲ. ಮಾವ ನಡುಗುತ್ತ ಅಡುಗೆಮನೆಯ ಬಾಗಿಲಿಗೇ ಬಂದರು.

"ಯಾರಮ್ಮ ಕಿತ್ತದ್ದು ನನ್ನ ಗೆಜ್ಜೆ ಹೂವನ್ನ? ಹೇಳು, ಯಾರು?"

ಸೊಸೆ ಉರಿ ತಗ್ಗಿಸಿದಳು. ಬಚ್ಚಲ ಬಾಗಿಲ ಕಡೆ ಒಮ್ಮೆ ನೋಡಿದಳು.

"ಅತ್ತೆ ಸ್ನಾನ ಮಾಡ್ತಿದಾರೆ ಮಾವ. ಪಾಪ, ಮುಗಿಸ್ಕೊಂಡು ಬರಲಿ, ಆಮೇಲೆ ಬೈಯೋರಂತೆ. ಹೊಟ್ಟೆ ಖಾಲಿ ಇಟ್ಕೊಂಡು ಯಾಕೆ ಬೈತೀರಿ? ಬನ್ನಿ, ಬಿಸಿ ಇದೆ, ತಿನ್ನಿ."

ಮಾವನಿಗೆ ಮಾತು ಸರಿ ಎನ್ನಿಸಿರಬೇಕು. ಕುರ್ಚಿ ಎಳೆದುಕೊಂಡು ಕೂತು, ತಟ್ಟೆಯನ್ನು ಹತ್ತಿರಕ್ಕೆ ಸರಿಸಿಕೊಂಡರು.